ಹೊಳೆದಂಡೆಗೆ ಬಂದ ಬಿಂದಿಗೆ

ನೀರಿಗೆ ಎಂಥ ರುಚಿ ಅನ್ನುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅಂಥವರು ಒಂದೇ ಊರಿನ ನೀರು ಕುಡಿದು ಬೆಳೆದವರಿರಬೇಕು. ನಾನು ಹುಟ್ಟಿದ್ದು ಜಗಳೂರು ಸೀಮೆಯ ಬಿಳಿಚೋಡಿನಲ್ಲಿ, ನನ್ನನ್ನು ಕೊಟ್ಟಿದ್ದು ಹೊಳೆಸಾಲಿನ ಗೋವಿನಕೋವಿಗೆ. ಬಿಳಿಚೋಡಿನಲ್ಲಿ ಬಾವಿಗೆ ಹಗ್ಗ ಇಳಿಬಿಟ್ಟು, ತಳದಲ್ಲಿ ಒರತೆ ಕೂಡುವ ತನಕ ಕಾದು, ಒಂದು ಬಿಂದಿಗೆ ತುಂಬಿಸಿಕೊಂಡು ಬರಬೇಕಿತ್ತು. ಕೈಕಾಲು ತೊಳೆದ ನೀರು ಬದನೆ ಗಿಡಕ್ಕೆ, ನವಣೆ ತೊಳೆದ ನೀರು ಎಮ್ಮೆಗೆ. ತುಳುಕಿಸಿಕೊಂಡು ಬಂದರೆ ಅವ್ವ ಬೆನ್ನಿಗೊಂದು ಗುದ್ದುತ್ತಿದ್ದಳು.

ಗೋವಿನಕೋವಿಯ ನನ್ನ ಅತ್ತೆಗೆ ಬೆಳಗಾದರೆ ಮೊದಲ ಕೆಲಸ ಹಿಂದಿನ ದಿನದ ನೀರನ್ನು ಅಂಗಳಕ್ಕೆ ಸುರಿಯುವುದು. ಆಮೇಲೆ ಕೊಡ ತಿಕ್ಕಿ, ಹೊಳೆಗೆ ಹೋಗಿ, ಹೊಸ ನೀರು ತರುವುದು. "ತಂಗಳು ನೀರು ಮನೇಲಿ ಇಟ್ಕಬಾರ್ದು ಕಣೆ" ಅನ್ನುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಓಡಿಹೋಗಿ ಅವರ ಕೈ ಹಿಡಿದುಕೊಂಡಿದ್ದೆ. ಅವರು ನಕ್ಕು ನಕ್ಕು ಕಟ್ಟೆಯ ಮೇಲೆ ಕೂತುಬಿಟ್ಟರು. ಒಳ್ಳೆಯ ಹೆಂಗಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ಯಾರೂ ಅವರನ್ನು ಬಯ್ಯುವುದು ಬೇಡ.

ಯುದ್ಧ ನಡೆಯುತ್ತಿದ್ದ ಕಾಲ. ನಾನು ಚೊಚ್ಚಲ ಬಸುರಿ. ತಿಂದದ್ದೆಲ್ಲ ವಾಂತಿಯಾಗುತ್ತಿತ್ತು. ಹುಣಸೆಕಾಯಿ ತಂದರು, ಮಾವಿನ ಉಪ್ಪಿನಕಾಯಿ ತಂದರು, ಯಾವುದೂ ಬೇಡ. ನನಗೆ ಬೇಕಿದ್ದದ್ದು ಬಿಳಿಚೋಡಿನ ಬಾವಿಯ ನೀರು. ಮನೆಮುಂದೆ ಹೊಳೆ ಹರಿಯುತ್ತಿರುವಾಗ ಸೊಸೆಯಾದವಳು ತವರಿನ ನೀರು ಬೇಕು ಅಂದರೆ ಏನು ಚೆನ್ನ? ನುಂಗಿಕೊಂಡು ಸುಮ್ಮನಿದ್ದೆ. ಅಷ್ಟರಲ್ಲಿ ನಮ್ಮೂರ ಕಡೆಯವನೊಬ್ಬ ಕಂಬಳಿ ಮಾರುತ್ತ ಗೋವಿನಕೋವಿಗೆ ಬಂದ. ಅತ್ತೆ ಒಳಗಿದ್ದರು. "ಅಣ್ಣಾ, ನಮ್ಮವ್ವನಿಗೆ ಹೇಳು, ಅಮೃತ ಕೊಟ್ರೂ ಬ್ಯಾಡ, ನಮ್ಮ ಬಾವಿ ನೀರು ಒಂದು ಬೊಗಸೆ ಸಾಕು ಅಂದ್ಲು ಅಂತ" ಎಂದೆ. ಅರ್ಧ ತಮಾಷೆ, ಅರ್ಧ ಅಳು. ಅವನು ಕಂಬಳಿ ಹೆಗಲಿಗೇರಿಸಿಕೊಂಡು ಹೋದ.

ಆ ವರ್ಷದ ಸಂಕ್ರಾಂತಿಗೆ ಅತ್ತೆಯೇ ಅವ್ವನನ್ನು ಕರೆಸಿದರು. "ಬೀಗತಿ ಹುಟ್ಟಿದಾಗ್ಲಿಂದ ಹರಿಯೋ ಹೊಳೆ ಕಂಡಿಲ್ವಂತೆ, ಬರ್ಲಿ" ಅಂದರು. ಹೊನ್ನಾಳಿಯ ಹತ್ತಿರ ಹೊಳೆಯುದ್ದಕ್ಕೂ ಸರ್ಕಾರ ಕಾಪಾಡಿಕೊಂಡು ಬಂದ ತೋಪೊಂದಿತ್ತು. ಸುತ್ತ ಮುಳ್ಳುತಂತಿ, ಬಾಗಿಲಲ್ಲಿ ಗಾರ್ಡು, ಒಳಗೆ ಮತ್ತಿ, ನೇರಳೆ ಮರಗಳು, ಬೇಲಿಯೊಳಗೆ ಒಂದಿಷ್ಟು ಜಿಂಕೆ. ಟೊಂಗೆ ಮುರಿಯಬಾರದು, ಬೆಂಕಿ ಹಾಕಬಾರದು. ಅದಕ್ಕೇ ಎಲ್ಲರೂ ಬುತ್ತಿ ಕಟ್ಟಿಕೊಂಡೇ ಬರುತ್ತಿದ್ದರು. ದಾವಣಗೆರೆ ಪೇಟೆಯವರು ಬಸ್ಸು ಮಾಡಿಕೊಂಡು ಬಂದು, ಮರದ ಕೆಳಗೆ ಜಮಖಾನ ಹಾಸಿ, ಗ್ರಾಮಫೋನು ಹಚ್ಚಿ ಕೂರುತ್ತಿದ್ದರು.

ನಾವು ಗಾಡಿ ಕಟ್ಟಿಕೊಂಡು ತೋಪಿಗೆ ಹೋಗಿದ್ದೆವು. ಅವ್ವ ಜಗಳೂರಿನ ತನಕ ಗಾಡಿಯಲ್ಲಿ, ಅಲ್ಲಿಂದ ಪೆಟ್ರೋಲು ಸಿಗದೆ ಇದ್ದಲು ಉರಿಸಿ ಓಡಿಸುತ್ತಿದ್ದ ಬಸ್ಸಿನಲ್ಲಿ ದಾವಣಗೆರೆಗೆ, ಮತ್ತೆ ಇನ್ನೊಂದು ಬಸ್ಸಿನಲ್ಲಿ ಹೊನ್ನಾಳಿಗೆ ಬಂದು ತೋಪಿನ ಬಾಗಿಲಲ್ಲೇ ಕೂತು ಕಾಯುತ್ತಿದ್ದಳು. ಸೀರೆಯೆಲ್ಲ ಮಸಿ. ತೊಡೆಯ ಮೇಲೆ ಬಾಯಿಗೆ ಬಟ್ಟೆ ಬಿಗಿದ ತಾಮ್ರದ ಬಿಂದಿಗೆ.

"ಇದೇನ್ರಿ ಬೀಗತಿ, ಹೊಳೆಗೆ ನೀರು ಹೊತ್ಕಂಡು ಬಂದೀರಿ?" ಅತ್ತೆ ನಕ್ಕರು.

"ದಾರಿಗೆ ಬೇಕಲ್ಲೇನ್ರಿ. ಬಸ್ಸು ಎಲ್ಲಿ ನಿಂತ್ರೂ ನಿಂತೀತು" ಅಂದಳು ಅವ್ವ.

ಅತ್ತೆ ಗಂಟು ಇಳಿಸಲು ತಿರುಗಿದಾಗ ನನ್ನ ಕಿವಿಯ ಹತ್ತಿರ ಬಂದು, "ನಮ್ಮ ಬಾವೀದು. ನಿನಗೇ ತಂದೀನಿ. ಊಟಕ್ಕೆ ಕುಂತಾಗ ಕೊಡ್ತೀನಿ, ಇವರ ಮುಂದೆ ಆಡಬ್ಯಾಡ, ಮನಸ್ಸಿಗೆ ನೋವಾಗ್ತೈತೆ" ಅಂದಳು. ನನ್ನ ಬಾಯಲ್ಲಿ ನೀರೂರಿತು. ಆದರೆ ಹಬ್ಬದ ದಿನ, ಹೊಳೆಯಲ್ಲಿ ಮಿಂದು ಗಂಗೆ ಪೂಜೆ ಮಾಡುವ ತನಕ ಬಾಯಿಗೆ ಏನೂ ಹಾಕುವಂತಿರಲಿಲ್ಲ. ಆಗಲೇ ಒಂದು ಗುಟುಕು ಕುಡಿದಿದ್ದರೆ ಯಾವ ಗಂಗವ್ವ ನನ್ನನ್ನು ಶಪಿಸುತ್ತಿದ್ದಳೋ ಕಾಣೆ.

ಹೊಳೆ ಕಂಡು ಅವ್ವ ದಂಡೆಯಲ್ಲಿ ಕುಕ್ಕರಿಸಿ ಕೂತು, ಹರಿಯುವ ನೀರನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಆಮೇಲೆ ಚೊಂಬಿನಲ್ಲಿ ನೀರು ಮೊಗೆದು, ಕೊಂಚವೇ ಮುಖಕ್ಕೆ ಹಾಕಿಕೊಂಡು, ಉಳಿದದ್ದನ್ನು ಜೋಪಾನವಾಗಿ ಒಯ್ದು ನೇರಳೆ ಮರದ ಬುಡಕ್ಕೆ ಹೊಯ್ದಳು. ಅತ್ತೆ, "ಹೊಳೆ ಖಾಲಿ ಆಗಾಕಿಲ್ಲ ಬರ್ರೀ" ಎಂದು ಕೈ ಹಿಡಿದು ಸೊಂಟದ ತನಕ ನೀರಿಗಿಳಿಸಿದರು. ಅವ್ವ ಹೆದರಿದಳು, ಆಮೇಲೆ ನಕ್ಕಳು. ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಪೂಜೆ ಮುಗಿದ ಮೇಲೆ ಅತ್ತೆ, "ನೀವಿಬ್ರೂ ಜಿಂಕೆ ನೋಡ್ಕಂಡು ಬರ್ರಿ, ನಾನು ಬುತ್ತಿ ಬಿಚ್ಚಿಡ್ತೀನಿ. ಬಸುರಿ ಹುಡುಗಿ, ಕಣ್ತುಂಬ ನೋಡ್ಲಿ" ಅಂದರು. ಹೋದೆವು. ಮರಿಯೊಂದು ತಂತಿಯ ಹತ್ತಿರ ಬಂದು ಅವ್ವನ ಸೆರಗು ಮೂಸಿತು. "ನಿನಗೂ ಹಿಂಗೇ ದೊಡ್ಡ ಕಣ್ಣಿನ ಕೂಸಾಗ್ಲಿ" ಅಂದಳು. ನನಗೆ ಜಿಂಕೆಯ ಮೇಲೆ ಮನಸ್ಸೇ ಇರಲಿಲ್ಲ, ಬಿಂದಿಗೆಯ ಮೇಲಿತ್ತು.

ತಿರುಗಿ ಬಂದರೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲೆಯ ಮೇಲಿದ್ದವು. ಬಿಂದಿಗೆ ಮರಳು ಹಾಕಿ ತಿಕ್ಕಿಸಿಕೊಂಡು ಫಳಫಳ ಹೊಳೆಯುತ್ತಿತ್ತು. "ಎಂದು ತುಂಬಿದ್ದೋ ಏನೋ, ತಂಗಳು ನೀರು. ಚೆಲ್ಲಿ, ನಡುಹೊಳೇದು ಹೊಸಾದು ತುಂಬ್ಕಂಡು ಬಂದೀನಿ. ದಾರಿಗೂ ಆಗ್ತೈತೆ" ಎಂದು ಅತ್ತೆ ಹೆಮ್ಮೆಯಿಂದ ನನಗೇ ಮೊದಲು ಬಗ್ಗಿಸಿ ಕೊಟ್ಟರು. ಅವರ ಸೀರೆ ಮೊಣಕಾಲಿನ ತನಕ ಒದ್ದೆಯಾಗಿತ್ತು. ಪಾಪ, ಒಳ್ಳೆಯ ನೀರು ಸಿಗಲೆಂದು ಅಷ್ಟು ದೂರ ಇಳಿದಿದ್ದರು.

ಪಕ್ಕದಲ್ಲಿ ಮರಳು ಇನ್ನೂ ಹಸಿಯಾಗಿತ್ತು. ನಾನು ಅವ್ವನ ಮುಖ ನೋಡಿದೆ. ಅವಳೂ ಆ ಮರಳನ್ನೇ ನೋಡುತ್ತಿದ್ದಳು.

"ಕುಡಿ ತಾಯಿ, ತಣ್ಣಗೈತೆ" ಅಂದಳು.

ಕುಡಿದೆ. ಹೊರಡುವಾಗ ಅವ್ವ ಬಸ್ಸಿನ ಹತ್ತಿರ ನನ್ನ ಗಲ್ಲ ಹಿಡಿದು, "ಬಾಣಂತನಕ್ಕೆ ಬರ್ತೀಯಲ್ಲ, ಅವಾಗ ಹೊಟ್ಟೆ ತುಂಬ ಕುಡಿಯುವಂತೆ" ಅಂದಳು. ಹೊಳೆ ನೀರಿನ ಬಿಂದಿಗೆಗೆ ಅದೇ ಬಟ್ಟೆ ಕಟ್ಟಿ, ಮತ್ತೆ ತೊಡೆಯ ಮೇಲಿಟ್ಟುಕೊಂಡು ಹೋದಳು.

ಯುಗಾದಿ ಕಳೆದ ಮೇಲೆ ಅವ್ವ ಜ್ವರದಿಂದ ತೀರಿಕೊಂಡಳು. ಬಸುರಿ ಹೆಂಗಸು ಸಾವಿನ ಮನೆಗೆ ಹೋಗಬಾರದು ಎಂದು ನನ್ನನ್ನು ಕಳಿಸಲಿಲ್ಲ. ಮಣ್ಣಿಗೂ ಇಲ್ಲ, ದಿನದ ಕಾರ್ಯಕ್ಕೂ ಇಲ್ಲ. ಬಾಣಂತನ ಗೋವಿನಕೋವಿಯಲ್ಲೇ ಆಯಿತು. ಅತ್ತೆ ತಾಯಿಗಿಂತ ಹೆಚ್ಚಾಗಿ ನೋಡಿಕೊಂಡರು.

ಕೂಸು ಕೂರುವಂತಾದ ಮೇಲೆ ಬಿಳಿಚೋಡಿಗೆ ಹೋದೆ. ಅವ್ವನ ತಂಗಿ, ನನ್ನ ಚಿಗವ್ವ, ಬಾವಿಯಿಂದ ಆಗಷ್ಟೇ ಸೇದಿದ ನೀರನ್ನು ಚೊಂಬಿನಲ್ಲಿ ತಂದು ಮುಂದಿಟ್ಟಳು. ಆಮೇಲೆ ಒಳಗೆ ಹೋಗಿ, ದೇವರ ಗೂಡಿನ ಕೆಳಗಿದ್ದ ತಾಮ್ರದ ಬಿಂದಿಗೆಯನ್ನು ಎತ್ತಿಕೊಂಡು ಬಂದಳು. ಅದೇ ಬಟ್ಟೆ.

"ಇದನ್ನೇನು ಮಾಡ್ಲಿ ಹೇಳವ್ವ. ಹೊಳೆ ನೀರಂತೆ. ಮಗಳಿಗೆ ಈಗ ಅದೇ ಒಗ್ಗೈತೆ, ಬಾಣಂತಿಗೆ ಒಮ್ಮೆಗೇ ನೀರು ಬದಲಾದ್ರೆ ಆಗಾಕಿಲ್ಲ, ಬಾವಿ ನೀರಿಗೆ ದಿನಾ ಇಷ್ಟಿಷ್ಟು ಬೆರೆಸಿ ಕೊಡಬೇಕು ಅಂತ ಇಟ್ಟಿದ್ಲು ಅಕ್ಕ. ಜ್ವರದಾಗೆ ನೀರು ನೀರು ಅಂತ ಬಡ್ಕಳ್ಳೋಳು. ಮನೇಲಿ ಬೇರೆ ಹನಿ ಇರ್ಲಿಲ್ಲ, ಇದನ್ನ ಬಗ್ಗಿಸಾಕೆ ಹೋದೆ. ಕೈ ಹಿಡ್ಕಂಡ್ಲು. ಬಾವಿಗೆ ಹೋಗಿ ಬಾ, ಕಾಯ್ತೀನಿ ಅಂದ್ಲು."

ನಾನು ಬಟ್ಟೆ ಬಿಚ್ಚಿ ನೋಡಿದೆ. ಬಿಂದಿಗೆ ಕುತ್ತಿಗೆಯ ತನಕ ತುಂಬಿತ್ತು. ಚೊಂಬಿನ ನೀರು ಪಕ್ಕದಲ್ಲೇ ಇತ್ತು, ಬಿಸಿಲಲ್ಲಿ ಬಂದ ನನಗೆ ಬಾಯಾರಿಕೆಯೂ ಇತ್ತು. ಕುಡಿಯಲಾಗಲಿಲ್ಲ.