ಚಿನ್ನಕ್ಕ ಹರಿಗೋಲಿನಲ್ಲಿ ರಾಗಿ ಕೊಯ್ದದ್ದು

ತೊಂಬತ್ತು ವರ್ಷ ದಾಟಿದರೂ ಮೆಟ್ಟೂರು ಅಣೆಕಟ್ಟು ಇಂದಿಗೂ ಕರೆಂಟು ಕೊಡುತ್ತಿದೆ. ಅದರ ಹಿನ್ನೀರಿನ ದಡದ ಊರಿಗೆ ಸೊಸೆಯಾಗಿ ಬಂದಾಗ ಚಿನ್ನಕ್ಕನಿಗೆ ಹದಿನೆಂಟು. ಹರಿಗೋಲು ಕಂಡರೇ ನಡುಗುತ್ತಿದ್ದ ಅವಳಿಗೆ ಅತ್ತೆಯೇ ಹುಟ್ಟು ಹಾಕಲು ಕಲಿಸಿದಳು. ಗಂಡನ ಮನೆಯವರ ಹಳೆಯ ಹೊಲ ಅಣೆ ತುಂಬಿದಾಗ ಮುಳುಗುತ್ತದೆ, ನೀರು ಇಳಿದಾಗ ಮೇಲೇಳುತ್ತದೆ. ಎದ್ದ ಕೂಡಲೇ ಬಿತ್ತಬೇಕು, ಮುಳುಗುವುದರೊಳಗೆ ಕೊಯ್ಯಬೇಕು. ಹಾಗೆ ಬಿತ್ತಿ ಕೊಯ್ಯುತ್ತಲೇ ಅವಳಿಗೆ ಐವತ್ತೆಂಟಾಯಿತು.

ಈ ಸಲ ಆಡಿ ತಿಂಗಳಲ್ಲಿ, ಆಷಾಢದ ಹೊತ್ತಿಗೆ, ರಾಗಿತೆನೆ ಬಲಿತು ಬಾಗಿತ್ತು. ಸೊಸೆ ಶಶಿಕಲಾ ಮೊಬೈಲ್ ಹಿಡಿದು ಓಡಿಬಂದಳು.

"ಅತ್ತೇ, ಒಗೇನಕಲ್‌ನಾಗೆ ಲಕ್ಷ ಕ್ಯೂಸೆಕ್ಸ್ ತಣ್ಣಿ ಬರ್ತೈತಂತೆ! ನಾಳೆಕ್ಕೆ ಒಲ ಇರಲ್ಲ!"

"ಇವತ್ತು ಐತಲ್ಲ! ಕುಡುಗೋಲು ತಗೊಳ್ಳೇ!"

ಇಬ್ಬರೂ ಸೊಂಟ ಬಗ್ಗಿಸಿದವರು ನೆಟ್ಟಗಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನೀರು ಬದು ದಾಟಿತು, ನೋಡನೋಡುತ್ತ ತೊಡೆಗೆ ಬಂತು. ಕಾಲುಭಾಗ ಬೆಳೆ ಇನ್ನೂ ಬಾಕಿ. ಸ್ವಲ್ಪ ದೂರದಲ್ಲಿ ಹರಿಗೋಲಿನಿಂದ ಬಲೆ ಹಾಕುತ್ತಿದ್ದ ಊರಿನ ಮಾದೇಶನನ್ನು ಚಿನ್ನಕ್ಕ ಕೂಗಿದಳು.

"ಲೇ ಮಾದೇಶಾ, ಮೀನು ನಾಳೆನೂ ಸಿಗ್ತೈತೆ. ಪರಿಸಲು ಇಲ್ಲಿ ತಾರ್ಲಾ!"

"ಪರಿಸಲ್‌ನಾಗೆ ಕುಂತು ರಾಗಿ ಕೊಯ್ತೀಯಾ ಅಕ್ಕಾ? ಪೈತ್ಯ ಇಡೀತಾ ನಿಂಗೆ?"

ಬೈಯುತ್ತಲೇ ಅವನು ತಂದ ಹರಿಗೋಲಿಗೆ ಅತ್ತೆ ಸೊಸೆ ಹತ್ತಿದರು. ಅದು ಒಂದೇ ಸಮನೆ ಗಿರಗಿರ ಸುತ್ತುತ್ತಿತ್ತು. ಸುತ್ತಿ ಬಂದಾಗಲೆಲ್ಲ ಚಿನ್ನಕ್ಕ ನೀರಿನ ಮೇಲೆ ತಲೆಯೆತ್ತಿದ್ದ ತೆನೆಗಳನ್ನು ಬಾಚಿ ಹಿಡಿದು ಕತ್ತರಿಸುತ್ತಿದ್ದಳು. ಒಮ್ಮೆ ಹರಿಗೋಲು ವಾಲಿ ಅವಳು ಅರ್ಧ ನೀರಿಗೆ ಬಿದ್ದಳು. ಶಶಿಕಲಾ ಚೀರಿ ಅವಳ ಸೆರಗಿಗೆ ಕೈ ಹಾಕಿದಳು.

"ನನ್ನ ಬುಡೇ, ತೆನೆ ಇಡ್ಕೋ!" ಎಂದು ಚಿನ್ನಕ್ಕ ಗದರಿದಳು. ಮಾದೇಶನಿಗೆ ನಗು ತಡೆಯಲಾಗಲಿಲ್ಲ. ಇದನ್ನು ನೋಡಿ ದಡದಿಂದ ಇನ್ನೂ ನಾಲ್ಕು ಹರಿಗೋಲು ಕೊಯ್ಲಿಗೆ ಬಂದವು. ಕೇಕೆ, ಕೂಗು, ಒಬ್ಬರ ಮೇಲೊಬ್ಬರು ನೀರೆರಚಾಟ! ಹೊತ್ತು ಮುಳುಗುವಷ್ಟರಲ್ಲಿ ಹೊಲ ಕಾಣೆಯಾಗಿತ್ತು. ರಾಗಿಯೆಲ್ಲ ದಡದ ಬಂಡೆಯ ಮೇಲಿತ್ತು.

ಹತ್ತನೇ ದಿನ ಅಣೆ ನೂರಿಪ್ಪತ್ತಡಿ ತುಂಬಿತು. ಹೆಚ್ಚಿನ ನೀರು ಹೊರಬಿಡುವ ಹದಿನಾರು ಕಣ್ಣಿನ ಮದಗು ತೆರೆದರೆಂದು ಸುದ್ದಿ ಬಂದದ್ದೇ ತಡ, ಅತ್ತೆ ಸೊಸೆ ಬಸ್ಸು ಹತ್ತಿದರು. ಬೆಳ್ಳಗೆ ಭೋರ್ಗರೆಯುವ ನೀರಿನ ಎದುರು, ತುಂತುರಿಗೆ ತೊಯ್ದು ತೊಪ್ಪೆಯಾಗಿ, ಚಿನ್ನಕ್ಕ ಚಪ್ಪಾಳೆ ತಟ್ಟಿದಳು. ಊರಿನ ಬಸ್ಸು ಎರಡು ಸಲ ಹೋಯಿತು.

"ಅತ್ತೇ, ಓಗಾಣ," ಎಂದಳು ಶಶಿಕಲಾ.

"ಇರೇ, ಇನ್ನೊಂದು ಬಸ್ ಐತೆ!"