ಲೆಕ್ಕಕ್ಕೆ ಸಿಗದ ಗ್ರಿಂಡಲ್‌ಶಾ ಹೆಣ್ಣುಮಕ್ಕಳು

ಭಾನುವಾರ ಬೆಳಗಿನ ಐದು ಗಂಟೆ. ಸ್ಟಾಫರ್ಡ್‌ಶೈರ್‌ನ ಲೀಕ್ ಪಟ್ಟಣದ ಇಳಿಜಾರು ಬೀದಿಗೆ ಇನ್ನೂ ಹಾಲಿನ ಗಾಡಿ ಬಂದಿಲ್ಲ. ಓಟ್‌ಕೇಕ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಅರವತ್ತೊಂಬತ್ತು ವರ್ಷದ ಬೆರಿಲ್ ಮೆಲರ್ ಹಿಂದಿನ ದಿನ ಕಲಸಿಟ್ಟ ಓಟ್ಸ್ ಹಿಟ್ಟಿನ ಮೇಲೆ ಬಗ್ಗಿ ಮೂಸುತ್ತಾರೆ. ಹುಳಿ ಹೆಚ್ಚಾಗಿದೆ. "ಥೂ" ಎಂದು ಒಂದು ಜಗ್ ನೀರು ಸುರಿದು ರಪರಪ ತಿರುವುತ್ತಾರೆ. ಮೇಜಿನಗಲದ ಕಬ್ಬಿಣದ ಕಾವಲಿ ಆಗಲೇ ಕಾದಿದೆ. ಅದರ ಮೇಲೆ ದೋಸೆಯಂಥ ಓಟ್‌ಕೇಕ್ ಹನ್ನೆರಡು ಒಟ್ಟಿಗೆ ಬೇಯುತ್ತವೆ. ಮೊದಲನೆಯದರ ಮೈಮೇಲೆ ತೂತು ಏಳುವಷ್ಟರಲ್ಲಿ ಹನ್ನೆರಡನೆಯದನ್ನು ಹೊಯ್ದು ಮುಗಿಸಿರಬೇಕು. ಭಾನುವಾರ ಒಂದೇ ದಿನ ಹೀಗೆ ಸಾವಿರದ ಎಂಟುನೂರು. ಬೆರಿಲ್ ಈ ಕೆಲಸಕ್ಕೆ ಸೇರಿ ಮೂವತ್ತನಾಲ್ಕು ವರ್ಷವಾಯಿತು. ಬಲ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳಲು ಶುರುಮಾಡಿ ಒಂಬತ್ತು.

ಕಾವಲಿಯ ಕಾವು ತಾಗದಷ್ಟು ದೂರದಲ್ಲಿ ಗೋಡೆಗೆ ಒಂದು ಹಾಳೆ ಅಂಟಿಸಿದ್ದಾರೆ. ಅದರಲ್ಲಿ ಮೂವತ್ತೊಂದು ಹೆಸರು, ಎಲ್ಲವೂ ಹೆಂಗಸರದ್ದು.

"ಎಲ್ಲಿ ಹೋಗಿ ಸೇರ್ಕೊಂಡಿದಾರೋ ಒಬ್ಬಳ ಸುಳಿವೂ ಇಲ್ಲ," ಎಂದು ಬೆರಿಲ್ ಆ ಹಾಳೆಯನ್ನೇ ಗದರಿಸುತ್ತಾರೆ. "ಮದುವೆ ಆದ್ರು, ಹೆಸರು ಬಿಟ್ರು, ಹೊರಟ್ರು. ವಿಳಾಸ ಹೇಳಿ ಹೋಗೋಣ ಅಂತ ಒಬ್ಬಳಿಗಾದ್ರೂ ಅನ್ನಿಸ್ಬಾರ್ದಾ?"

ಆರಕ್ಕೆ ಬಾಗಿಲು ತೆರೆಯುವಷ್ಟರಲ್ಲಿ ಹೊರಗೆ ಸಾಲು ನಿಂತಿರುತ್ತದೆ. ಈ ಕಡೆ ಎಲ್ಲರೂ ಎಲ್ಲರನ್ನೂ ಡಕ್ ಎಂದೇ ಕರೆಯುವುದು. ಬಾತುಕೋಳಿ ಅನ್ನಿಸಿಕೊಂಡು ಯಾರೂ ಮುನಿಸಿಕೊಳ್ಳುವುದಿಲ್ಲ. ಮುನಿಸು ಬರುವುದು ಬೆರಿಲ್ ಕೇಳುವ ಎರಡನೆಯ ಪ್ರಶ್ನೆಗೆ.

"ಬಾ ಡಕ್, ಎಷ್ಟು ಕಟ್ಲಿ? ನಿಮ್ಮಮ್ಮನ ತವರಿನ ಹೆಸರೇನು?"

"ಆರು ಕಟ್ಟು," ಎನ್ನುತ್ತಾರೆ ಮುಂದೆ ನಿಂತ ಮುದುಕ ಹೋಲ್ಡ್‌ಕ್ರಾಫ್ಟ್. "ನಮ್ಮಮ್ಮನ ತವರಿನ ಹೆಸರು ಹೋದ ವಾರಾನೂ ಹೇಳಿದೀನಿ. ಈ ವಾರ ಏನೂ ಬದಲಾಗಿಲ್ಲ."

"ಅಜ್ಜೀದು?"

"ಅದನ್ನ ಅಜ್ಜೀನೇ ಕೇಳ್ಬೇಕು. ಎಪ್ಪತ್ತೊಂದನೇ ಇಸವಿಲಿ ಹೋದಳು. ಚೀಸ್ ಹಾಕ್ತೀಯೋ, ಇಲ್ಲಾ ಅದಕ್ಕೂ ನನ್ನ ವಂಶಾವಳಿ ತರ್ಬೇಕೋ?"

ಬೆರಿಲ್ ಚೀಸ್ ಹಾಕಿ ಮಡಿಸಿ ಕಟ್ಟುತ್ತಾರೆ. ಅಕಸ್ಮಾತ್ ಯಾರಾದರೂ ಏನಾದರೂ ಹೇಳಿದರೆ ಪೊಟ್ಟಣದ ಕಾಗದದ ತುಂಡಿನ ಮೇಲೆಯೇ ಬರೆದು ಏಪ್ರನ್ ಜೇಬಿಗೆ ತುರುಕುತ್ತಾರೆ. ಮಧ್ಯಾಹ್ನ ಒಂದಕ್ಕೆ ಅಂಗಡಿ ಮುಚ್ಚಿದ ಮೇಲೆ ಆ ಜೇಬನ್ನು ಅಡುಗೆಮನೆಯ ಮೇಜಿನ ಮೇಲೆ ಕೊಡವುವುದು ಅವರ ಇನ್ನೊಂದು ಕೆಲಸ. ಅದಕ್ಕೆ ಸಂಬಳವಿಲ್ಲ. ಸದ್ಯಕ್ಕೆ ಮರ್ಯಾದೆಯೂ ಇಲ್ಲ.

ಬೆರಿಲ್ ಹುಟ್ಟಿದ್ದು ಗ್ರಿಂಡಲ್‌ಶಾ ಮನೆತನದಲ್ಲಿ. ಅಪ್ಪ ರೇಷ್ಮೆ ಗಿರಣಿಯಲ್ಲಿ ಬಣ್ಣ ಹಾಕುತ್ತಿದ್ದವರು. "ನಮ್ಮ ಹೆಸರು ಅಪರೂಪದ್ದು, ದೇಶದಲ್ಲೆಲ್ಲ ಹುಡುಕಿದರೂ ಒಂದು ಬಸ್ ತುಂಬಲ್ಲ" ಎಂದು ಹೇಳಿಕೊಂಡು ತಿರುಗುತ್ತಿದ್ದರು. ಮಾತು ಮುಗಿಸುವಾಗ ಮಗ ಕ್ಲಿಫರ್ಡ್‌ನ ತಲೆ ಸವರುತ್ತಿದ್ದರು. ಹೆಸರು ಮುಂದುವರಿಯುವುದು ಅವನಿಂದ. ಪಕ್ಕದಲ್ಲಿ ಕೂತ ಬೆರಿಲ್‌ಗೆ ಆ ಕೈ ತನ್ನ ತಲೆಯವರೆಗೆ ಯಾಕೆ ಬರುವುದಿಲ್ಲವೆಂದು ಕೇಳಬೇಕೆನಿಸಿದ್ದುಂಟು. ಕೇಳಲಿಲ್ಲ. ಅಪ್ಪ ತೀರಿಕೊಂಡ ವರ್ಷ, ತನ್ನ ಮೂವತ್ತೈದನೆಯ ವಯಸ್ಸಿನಲ್ಲಿ, ಆ ಬಸ್ಸಿನಲ್ಲಿ ನಿಜಕ್ಕೂ ಎಷ್ಟು ಜನವಿದ್ದಾರೆ ನೋಡೇಬಿಡೋಣ ಎಂದು ಗ್ರಂಥಾಲಯಕ್ಕೆ ಹೋಗಿ ದೇಶದ ಟೆಲಿಫೋನ್ ಪುಸ್ತಕಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಕೂತರು.

ಅಪರೂಪದ ಹೆಸರುಗಳನ್ನು ಎಣಿಸುವವರದ್ದೇ ಒಂದು ಸಂಘವಿದೆ. ಬೆರಿಲ್ ಅದನ್ನು ಸೇರಿದರು. ತಲೆಗೊಂದು ಕಾರ್ಡು. ಜನಗಣತಿ, ಚರ್ಚಿನ ದಾಖಲೆ, ಗೋರಿಕಲ್ಲು, ಯಾವುದನ್ನೂ ಬಿಡಲಿಲ್ಲ. ಲೆಕ್ಕ ಕೊನೆಗೆ ಇನ್ನೂರ ಹದಿನಾಲ್ಕಕ್ಕೆ ನಿಂತಿತು. ಅದರಲ್ಲಿ ನೂರ ಮೂವತ್ತೊಂದು ಜನ ಲೀಕ್ ಪಕ್ಕದ ಗನ್‌ಬ್ರೂಕ್ ಕಣಿವೆಯ ಸುತ್ತ ಹನ್ನೆರಡು ಮೈಲಿಯೊಳಗೇ ಇದ್ದಾರೆ. ಕಲ್ಲಿದ್ದಲ ಗಣಿ ಹುಡುಕಿಕೊಂಡು ಹೋದ ಮೂವತ್ತೆಂಟು ಜನ ಮ್ಯಾನ್ಸ್‌ಫೀಲ್ಡ್ ಕಡೆ, ಹತ್ತಿ ಗಿರಣಿಗೆ ಹೋದ ಇಪ್ಪತ್ತೇಳು ಜನ ಲ್ಯಾಂಕಶೈರ್‌ನಲ್ಲಿ. ಯಾಕೆ ಹೋದರೋ ಯಾರಿಗೂ ತಿಳಿಯದ ಒಂದು ಸಂಸಾರದ ಹನ್ನೊಂದು ಜನ ಕಾರ್ನ್‌ವಾಲ್‌ನಲ್ಲಿ. ಉಳಿದ ಏಳು ಜನ ಚೆಲ್ಲಾಪಿಲ್ಲಿ. ಊಟದ ಕೋಣೆಯ ಗೋಡೆಯ ಮೇಲಿನ ನಕ್ಷೆಗೆ ಇಷ್ಟೂ ಜನಕ್ಕೆ ಇನ್ನೂರ ಹದಿನಾಲ್ಕು ಗುಂಡುಸೂಜಿ ಚುಚ್ಚಿದ್ದಾರೆ. ಗಂಡ ಇದ್ದಾಗ, "ಬೇರೆಯವರ ಹೆಂಡ್ತೀರು ಗೋಡೆಗೆ ಹೂವಿನ ಕಾಗದ ಅಂಟಿಸ್ತಾರೆ" ಎಂದು ಗೊಣಗುತ್ತಿದ್ದರು.

ಸಂಘದ ನಿಯಮ ಒಂದೇ: ಹೆಸರು ಇಟ್ಟುಕೊಂಡಿರುವವರೆಗೆ ಲೆಕ್ಕ. ಮದುವೆಯಾಗಿ ಹೆಸರು ಬದಲಿಸಿದ ಹುಡುಗಿಯ ಕಾರ್ಡಿನ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ 'ಹೊರಗೆ' ಎಂಬ ಮಾತು. ಮದುವೆಯಾಗಿ ಒಳಬಂದ ಸೊಸೆಗೆ ಹೊಸ ಕಾರ್ಡು. ಬೆರಿಲ್ ಎಳೆದ ಗೆರೆಗಳು ನೂರ ಎಪ್ಪತ್ತಮೂರು. ಅದರಲ್ಲೊಂದು ತನ್ನದೇ ಕಾರ್ಡಿನ ಮೇಲೆ. ಗೆರೆ ಸೊಟ್ಟಗಾಗಬಾರದೆಂದು ಅಡಿಪಟ್ಟಿ ಇಟ್ಟು ಎಳೆದಿದ್ದರು. ಆವತ್ತು ಏನೂ ಅನ್ನಿಸಿರಲಿಲ್ಲ. ಅನ್ನಿಸಿರಲಿಲ್ಲವಲ್ಲ ಎಂಬುದೇ ಈಗ ಅವರಿಗೆ ನುಂಗಲಾಗದ ಸಂಗತಿ.

ಎರಡು ಚಳಿಗಾಲದ ಹಿಂದೆ ಕ್ಲಿಫರ್ಡ್‌ನ ಮೊಮ್ಮಗ, ಹತ್ತೊಂಬತ್ತರ ಕೈಲ್, ಫುಟ್‌ಬಾಲ್ ಮೈದಾನದಲ್ಲಿ ಚೆಂಡು ಒದೆಯಲು ಓಡಿದವನು ಬಿದ್ದ, ಏಳಲಿಲ್ಲ. ಹೃದಯದ ಗೋಡೆ ದಪ್ಪವಾಗುವ ಕಾಯಿಲೆ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. ಮೊದಲೇ ಗೊತ್ತಾದರೆ ಉಪಾಯವಿದೆ. ಅದೇ ದೋಷ ಮ್ಯಾನ್ಸ್‌ಫೀಲ್ಡ್‌ನ ಒಬ್ಬ ಗ್ರಿಂಡಲ್‌ಶಾನಲ್ಲೂ ಲ್ಯಾಂಕಶೈರ್‌ನ ಇನ್ನೊಬ್ಬನಲ್ಲೂ ಸಿಕ್ಕಿತ್ತು. ಇವರು ಒಬ್ಬರನ್ನೊಬ್ಬರು ಕಂಡವರೇ ಅಲ್ಲ. ಆಸ್ಪತ್ರೆಯ ಡಾಕ್ಟರಮ್ಮ ಊಟದ ಕೋಣೆಯ ನಕ್ಷೆಯ ಮುಂದೆ ಅರ್ಧ ಗಂಟೆ ನಿಂತರು. ಮೂವರ ಬೇರೂ ಒಂದೇ ಕಣಿವೆಗೆ ಹೋಗಿ ಸೇರುತ್ತಿತ್ತು. "ನಿಮ್ಮ ಈ ಕೆಲಸ ಎಷ್ಟೋ ಜೀವ ಉಳಿಸತ್ತೆ" ಎಂದರು. ಬೆರಿಲ್ ಆ ವಾರವಿಡೀ ನೆಲದ ಮೇಲೆ ನಡೆಯಲಿಲ್ಲ.

ತನ್ನ ರೋಗಿಗಳಲ್ಲದವರ ವಿಳಾಸಗಳನ್ನು ಆಸ್ಪತ್ರೆ ತೆಗೆದುಕೊಳ್ಳುವಂತಿರಲಿಲ್ಲ. ಬದಲಿಗೆ ಬೆರಿಲ್ ಕೈಗೆ ಮುಚ್ಚಿದ ಲಕೋಟೆ ಕೊಟ್ಟರು. ಪರೀಕ್ಷೆಗೆ ಬನ್ನಿ ಎಂಬ ಕಾಗದ ಅದರೊಳಗೆ. ಮಕ್ಕಳನ್ನು ಬಿಟ್ಟು ನೂರ ಅರವತ್ತೆಂಟು ಲಕೋಟೆಗಳ ಮೇಲೆ ಬೆರಿಲ್ ತಮ್ಮ ಕೈಯಾರೆ ವಿಳಾಸ ಬರೆದು ಅಂಚೆಗೆ ಹಾಕಿದರು.

ಮೂರು ವಾರದ ನಂತರದ ಭಾನುವಾರ. ಕ್ಲಿಫರ್ಡ್‌ನ ಹೆಂಡತಿ ಮಾರ್ಜೊರಿ ಸಾಲಿನಲ್ಲಿ ನಿಂತು ಇಡೀ ಬೀದಿಗೆ ಕೇಳುವಂತೆ ಹೇಳುತ್ತಿದ್ದಳು: "ಎದೆಗೆಲ್ಲ ಅದೇನೋ ತಣ್ಣಗಿನ ಅಂಟು ಬಳಿದ್ರು ಕಣೇ. ಆಮೇಲೆ ಡಾಕ್ಟರು, ನಿಮ್ಮ ಹಾರ್ಟು ಕುದುರೆ ಥರ ಇದೆ ಅಂದ್ರು."

ಹಿಂದಿದ್ದ ಮುದುಕಿ ಮಿಸೆಸ್ ಗೋಲ್ಡ್‌ಸ್ಟ್ರಾ ಕೇಳಿದಳು: "ನಿನಗ್ಯಾಕೆ ಬಂತೇ ಕಾಗದ? ನೀನು ಹುಟ್ಟಿದ್ದು ಕಟುಕರ ಅಂಗಡಿ ಬ್ರಫ್ ಮನೇಲಿ. ಗ್ರಿಂಡಲ್‌ಶಾಗೂ ನಿನ್ನ ಹಾರ್ಟಿಗೂ ಏನು ಸಂಬಂಧ? ಬೆರಿಲ್, ನೀನು ಹುಟ್ಟಿದ ಮಗಳು. ನಿಂಗೆ ಬಂತಾ?"

ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಕಾವಲಿಯ ಮೇಲಿನ ಹನ್ನೆರಡೂ ಸೀದವು.

ಮದುವೆಯಾಗಿ ಬಂದ ಸೊಸೆಯರಿಗೆಲ್ಲ ಕಾಗದ ಹೋಗಿತ್ತು. ಹುಟ್ಟಿ, ಮದುವೆಯಾಗಿ ಹೋದ ಒಬ್ಬಳಿಗೂ ಹೋಗಿರಲಿಲ್ಲ. ಅವರ ಮಕ್ಕಳಿಗೂ ಇಲ್ಲ. ಬೆರಿಲ್ ಏಪ್ರನ್ ಕೂಡ ಬಿಚ್ಚದೆ ಆಸ್ಪತ್ರೆಗೆ ಫೋನ್ ಹಚ್ಚಿ ಕೂಗಾಡಿದರು. ಡಾಕ್ಟರಮ್ಮ ಎಲ್ಲ ಕೇಳಿ ಮೆತ್ತಗೆ, "ಪಟ್ಟಿ ನಿಮ್ಮದೇ ಅಲ್ವಾ, ಮಿಸೆಸ್ ಮೆಲರ್?" ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಇದ್ದಿದ್ದರೆ ಬೆರಿಲ್ ಇನ್ನಷ್ಟು ಕೂಗಾಡಿ ಹಗುರಾಗುತ್ತಿದ್ದರೇನೋ.

ಅವರ ಸ್ವಂತ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಅದಕ್ಕೂ ಅವರಿಗೆ ಸಿಟ್ಟು. "ಇದ್ದಿದ್ರೆ ಮಲಗಿರ್ತಿದ್ದೆ. ಇಲ್ವಲ್ಲ, ಹುಡುಕು ಅಂತ ಅರ್ಥ."

ಹದಿನಾಲ್ಕು ತಿಂಗಳಲ್ಲಿ ನೂರ ಎಪ್ಪತ್ತಮೂರರಲ್ಲಿ ನೂರ ನಲವತ್ತೆರಡು ಮಂದಿ ಸಿಕ್ಕಿದ್ದಾರೆ. ಬದುಕಿರುವವರು, ಇಲ್ಲವೇ ಸತ್ತವರ ಮಕ್ಕಳು. ಅವರಲ್ಲಿ ಹದಿನೇಳು ಮಂದಿ ಫೋನ್ ಕುಕ್ಕಿದ್ದಾರೆ. ಒಬ್ಬಾಕೆ ಪೊಲೀಸರಿಗೆ ಹೇಳುತ್ತೇನೆಂದಳು. ಇನ್ನೊಬ್ಬಾಕೆ, ತನಗೆ ಹೃದಯವೇ ಇಲ್ಲವೆಂದು ಗಂಡ ಹೇಳುತ್ತಾನೆ, ಪರೀಕ್ಷೆ ದಂಡ ಎಂದಳು. ಸಂಘದವರದು ಬೇರೆ ರಗಳೆ. ಬಂದ ಸೊಸೆಯರನ್ನು ಕಳೆದು, ಹೋದ ಹೆಣ್ಣುಮಕ್ಕಳನ್ನೂ ಅವರ ಮಕ್ಕಳು ಮೊಮ್ಮಕ್ಕಳನ್ನೂ ಕೂಡಿ ಬೆರಿಲ್ ಈ ವರ್ಷ ಆರುನೂರ ನಲವತ್ತು ಎಂದು ಬರೆದು ಕಳಿಸಿದರೆ, ನಿಯಮದ ಪ್ರಕಾರ ಇಲ್ಲವೆಂದು ಹಿಂದಕ್ಕೆ ಕಳಿಸಿದರು. ಅಷ್ಟು ಜನವಿದ್ದರೆ ಹೆಸರು ಅಪರೂಪದ್ದೇ ಅಲ್ಲವಲ್ಲ ಎಂಬ ಟಿಪ್ಪಣಿ ಬೇರೆ.

ಎಲ್ಲರಿಗಿಂತ ಹೆಚ್ಚು ಸತಾಯಿಸಿದವಳು ಹ್ಯಾನ್ಲಿಗೆ ಹೋಗುವ ಬಸ್ ಓಡಿಸುವ ಟ್ರೇಸಿ ಬ್ಯಾಗ್ನಲ್. ಬೆರಿಲ್ ಜೊತೆ ಶಾಲೆಗೆ ಹೋಗುತ್ತಿದ್ದ ಜೋನ್ ಗ್ರಿಂಡಲ್‌ಶಾಳ ಮಗಳು. ಜೋನ್ ಐವತ್ತೊಂದಕ್ಕೆ ಅಡುಗೆಮನೆಯಲ್ಲಿ ಕುಸಿದು ಹೋದವಳು. ಟ್ರೇಸಿ ಫೋನ್ ಎತ್ತಲಿಲ್ಲ. ಬೆರಿಲ್ ವಯಸ್ಸಾದವರ ಪಾಸು ಹಿಡಿದು ಅವಳ ಬಸ್ಸನ್ನೇ ಹತ್ತಿದರು.

"ಬೋರ್ಡ್ ಓದು ಬೆರಿಲ್. ಡ್ರೈವರ್ ಜೊತೆ ಮಾತಾಡಬಾರ್ದು."

"ಓಡ್ತಿರೋವಾಗ ತಾನೆ? ಈಗ ನಿಂತಿದೆ."

"ಆ ಆಸ್ಪತ್ರೆ ಮೆಷಿನ್ ಏನಾದ್ರೂ ಹೇಳ್ತು ಅಂದ್ರೆ ನನ್ನ ಬಸ್ ಲೈಸೆನ್ಸ್ ಕಿತ್ಕೋತಾರೆ. ಆಮೇಲೆ ನಿನ್ನ ಜೊತೆ ಓಟ್‌ಕೇಕ್ ತಿರುವಿ ಹಾಕ್ಕೊಂಡಿರ್ಲಾ?"

"ನಿಮ್ಮಮ್ಮ ಹೆಂಗೆ ಹೋದ್ಲು ಮರ್ತ್ಯಾ?"

"ನಮ್ಮಮ್ಮ ಸಿಗರೇಟಿಂದ ಹೋದ್ಲು. ನಿಮ್ಮ ಗ್ರಿಂಡಲ್‌ಶಾ ಗೋಳು ನಂಗ್ಯಾಕೆ? ಅವಳು ಲೆಕ್ಕಕ್ಕಿಲ್ಲ ಅಂತ ಪಟ್ಟಿಯಿಂದ ಹೊಡೆದು ಹಾಕಿದ್ದು ನೀನೇ ಅಂತಲ್ಲ."

ಬೆರಿಲ್ ಬಸ್ಸಿನ ಹಿಂಭಾಗ ತೋರಿಸಿ, "ನಿನ್ನ ಹಿಂದೆ ನಲವತ್ತು ಜನ ಕೂತಿದಾರೆ, ಅದನ್ನಾದ್ರೂ ಯೋಚಿಸು" ಎಂದರು.

"ಕೂತಿದೀವಿ ತಾಯಿ," ಎಂದಿತು ಹಿಂದಿನಿಂದ ಒಂದು ದನಿ. "ಇವತ್ತು ಹೊರಡ್ತೀವಾ?"

ಮನೆಗೆ ಬಂದ ಬೆರಿಲ್ ಜೋನ್‌ಳ ಕಾರ್ಡು ತೆಗೆದು ನೋಡಿದರು. ತರಗತಿಯಲ್ಲಿ ಇಬ್ಬರದೂ ಒಂದೇ ಮನೆತನದ ಹೆಸರಾದ ಕಾರಣ ಒಂದೇ ಬೆಂಚು. ಅವಳಿಗೆ ನಗು ತಡೆಯಲಾಗದೆ ಇಬ್ಬರೂ ಹೊರಗೆ ನಿಂತದ್ದೆಷ್ಟು ಸಲ. ಆ ಹುಡುಗಿಯನ್ನು ಎರಡು ಸೆಕೆಂಡಿನಲ್ಲಿ ಹೊರಗೆ ಹಾಕಿ, ಮುಂದಿನ ಕಾರ್ಡಿಗೆ ಕೈ ಹಾಕಿದ್ದರು. ಸಿಟ್ಟು ಟ್ರೇಸಿಯ ಮೇಲಲ್ಲವೆಂದು ಆವತ್ತು ಬೆರಿಲ್‌ಗೆ ಗೊತ್ತಾಯಿತು. ಗೊತ್ತಾಗಿದ್ದರಿಂದ ಅದು ಇಳಿಯಲೇನೂ ಇಲ್ಲ.

ಮತ್ತೆ ಬಸ್ ಹತ್ತಿದಾಗ ಅವರು ಟಿಕೆಟ್ ಕೊಡುವ ಜಾಗದಲ್ಲಿ ಎರಡು ಲಕೋಟೆ ಇಟ್ಟು ಹೋಗಿ ಕೂತರು. ಒಂದರ ಮೇಲೆ 'ಟ್ರೇಸಿ, ಜೋನ್ ಗ್ರಿಂಡಲ್‌ಶಾ ಮಗಳು.' ಇನ್ನೊಂದರ ಮೇಲೆ 'ಜೋಡಿ, ಜೋನ್ ಗ್ರಿಂಡಲ್‌ಶಾ ಮೊಮ್ಮಗಳು.' ಟ್ರೇಸಿಯ ಮಗಳು ಜೋಡಿಗೆ ಹದಿನೇಳು. ಗುಡ್ಡ ಹತ್ತಿ ಇಳಿಯುವ ಓಟಗಳಲ್ಲಿ ಈ ಸೀಮೆಯಲ್ಲೇ ಅವಳನ್ನು ಮೀರಿಸುವವರಿಲ್ಲ. ಟ್ರೇಸಿ ಎರಡನೆಯ ಲಕೋಟೆಯನ್ನು ಎರಡು ಸಲ ಓದಿದಳು. ಎರಡನ್ನೂ ಮಡಚಿ ಜೇಬಿಗೆ ಹಾಕಿಕೊಂಡು ಬಸ್ ಹೊರಡಿಸಿದಳು. ಆಮೇಲೆ ಎರಡು ತಿಂಗಳು ಸುದ್ದಿಯಿಲ್ಲ.

ಇವತ್ತು, ಭಾನುವಾರ ಎಂಟು ಗಂಟೆಗೆ, ಟ್ರೇಸಿ ಸಾಲಿನಲ್ಲಿ ನಿಂತಿದ್ದಾಳೆ. ಬಸ್ಸಿನ ಸಮವಸ್ತ್ರವಿಲ್ಲ. ಅವಳ ಸರದಿ ಬರುವವರೆಗೆ ಬೆರಿಲ್ ಮೂರು ಸಲ ಲೆಕ್ಕ ತಪ್ಪಿ ಆರು ಕೇಳಿದವರಿಗೆ ಏಳು ಕಟ್ಟುತ್ತಾರೆ.

"ಹನ್ನೆರಡು ಕೊಡು," ಎನ್ನುತ್ತಾಳೆ ಟ್ರೇಸಿ. "ಹಂಗೇ ನನ್ನ ಲೈಸೆನ್ಸೂ ಕೊಡು."

"ಹೋಯ್ತಾ?"

"ಸದ್ಯಕ್ಕೆ ಹೋಯ್ತು. ಇನ್ನೂ ಏನೇನೋ ಪರೀಕ್ಷೆ ಇದೆಯಂತೆ. ಡಿಪೋದಲ್ಲಿ ಕೂತ್ಕೊಂಡು ಯಾರಿಗೆ ಯಾವ ಬಸ್ಸು ಅಂತ ಬರೀತಿದೀನಿ. ಕುರ್ಚಿಗೆ ಚಕ್ರ ಇದೆ, ಅದೊಂದೇ ಸಮಾಧಾನ."

ಬೆರಿಲ್ ಹನ್ನೆರಡನ್ನು ಎಣಿಸುತ್ತಾರೆ. ಪೊಟ್ಟಣ ಕಟ್ಟಿ ಮುಂದಿಡುತ್ತಾರೆ.

"ಹುಡುಗೀದು?"

"ಅವಳಿಗೂ ಇದೆ. ನನಗಿಂತ ಜಾಸ್ತಿ." ಟ್ರೇಸಿ ಪೊಟ್ಟಣ ತೆಗೆದುಕೊಳ್ಳುವುದಿಲ್ಲ, ಅದರ ಮೇಲೆ ಕೈಯಿಟ್ಟುಕೊಂಡು ನಿಲ್ಲುತ್ತಾಳೆ. "ನಿನ್ನೆ ದೊಡ್ಡ ಓಟ ಇತ್ತು. ಹೋಗಕೂಡದು ಅಂದ್ರು ಡಾಕ್ಟರು. ಮಾತ್ರೆ ಕೊಟ್ಟಿದಾರೆ. ನನ್ನ ಜೊತೆ ಮಾತು ಬಿಟ್ಟಿದಾಳೆ. ಮೂರು ದಿನದಿಂದ ಮನೆ ಬಾಗಿಲೆಲ್ಲ ದಢಾರ್ ದಢಾರ್ ಅಂತ ಬಡೀತಿದಾಳೆ. ಬಾತ್‌ರೂಮಿನ ಚಿಲಕ ಕಿತ್ತು ಬಂದಿದೆ."

"ಬಡೀಲಿ ಬಿಡು," ಎನ್ನುತ್ತಾರೆ ಬೆರಿಲ್.

"ಎಷ್ಟು ಬೇಕಾದ್ರೂ ಬಡೀಲಿ," ಎನ್ನುತ್ತಾಳೆ ಟ್ರೇಸಿ.

ಥ್ಯಾಂಕ್ಸ್ ಎಂಬ ಮಾತು ಅವಳ ಬಾಯಿಂದ ಬರುವುದಿಲ್ಲ. ಪೊಟ್ಟಣ ಎತ್ತಿಕೊಂಡು, ಈ ಸಲದವು ಹುಳಿಯಾಗಿವೆ ಎಂದು ವಾಸನೆಯಲ್ಲೇ ಗೊತ್ತಾಗುತ್ತದೆ ಎಂದು ಕುಟುಕಿ ಹೊರಡುತ್ತಾಳೆ. ಬೆರಿಲ್ ಮುಖ ತಿರುಗಿಸಿ ಮಣಿಕಟ್ಟಿನಿಂದ ಕಣ್ಣೊರೆಸಿಕೊಂಡು, ಕಾವಲಿಯ ಹೊಗೆಗೆ ಬೈಯುತ್ತಾರೆ.

"ಇನ್ನೂ ಮೂವತ್ತೊಂದು ಜನ ಇದಾರೆ, ನಂಗೆ ಬೈಯೋಕೆ ಬಾಕಿ," ಎನ್ನುತ್ತಾರೆ ಸೌಟಿಗೆ ಹಿಟ್ಟು ತುಂಬಿಕೊಳ್ಳುತ್ತ. "ಎಲ್ಲರೂ ಬಂದು ಇಲ್ಲಿ ನಿಂತು ಬೈದು ಹೋಗ್ಲಿ. ನಂಗೆ ಬೇಕಾಗಿರೋದು ಅಷ್ಟೇ."