ರಸ್ತೆ ದಾಟಿದ ಕೇಕು

ನಮ್ಮ ರಸ್ತೆಯ ಎರಡು ಸಾಲಿಗೂ ಒಟ್ಟಿಗೆ ಕರೆಂಟ್ ಇರದಿದ್ದ ಕಾಲ ಅದು. ತೊಂಬತ್ತರ ದಶಕ. ತಿಲಕ್ ನಗರದ ಆ ಸಣ್ಣ ರಸ್ತೆಯಲ್ಲಿ ನಮ್ಮ ಸಾಲಿಗೆ ಒಂದು ಟ್ರಾನ್ಸ್‌ಫಾರ್ಮರ್, ಎದುರು ಸಾಲಿಗೆ ಇನ್ನೊಂದು. ಬೇಸಿಗೆ ಬಂತೆಂದರೆ ಲೋಡ್ ಶೆಡ್ಡಿಂಗ್. ನಮ್ಮಲ್ಲಿ ಹೋದಾಗ ಎದುರುಗಡೆ ಇರುತ್ತಿತ್ತು, ಎದುರುಗಡೆ ಹೋದಾಗ ನಮ್ಮಲ್ಲಿ ಬರುತ್ತಿತ್ತು. ಅದಕ್ಕೇ ನಮ್ಮ ಹೆಂಗಸರು ಮಿಕ್ಸಿ ಜಾರ್ ಹಿಡಿದುಕೊಂಡು ದಿನಕ್ಕೆರಡು ಸಲ ರಸ್ತೆ ದಾಟುತ್ತಿದ್ದರು. ಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿ ಆ ಕಡೆ ಹೋಗಿ, ಚಟ್ನಿಯಾಗಿ ಈ ಕಡೆ ಬರುತ್ತಿತ್ತು. ಹಾಗೆ ಬರುವ ಮೊದಲು ಒಂದು ಚಮಚ ಚಟ್ನಿ ಆ ಮನೆಯಲ್ಲೇ ಉಳಿಯಬೇಕು. ಅದನ್ನು ಯಾರಿಗೂ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಮ್ಮ ಹೇಳಿಕೊಟ್ಟದ್ದು ಇನ್ನೊಂದು. "ಯಾರ ಮನೆ ಪಾತ್ರೆನೂ ಖಾಲಿ ವಾಪಸ್ ಕೊಡಬಾರ್ದು ಕಣೇ ಜಯೂ. ಏನೂ ಇಲ್ದಿದ್ರೆ ಒಂದು ಹಿಡಿ ಸಕ್ಕರೆನಾದ್ರೂ ಹಾಕು." ಆ ಬೇಸಿಗೆಯಲ್ಲಿ ನಾನು ಪಟ್ಟ ಪಾಡಿಗೆಲ್ಲ ಈ ಮಾತೇ ಕಾರಣ. ಇವತ್ತಿಗೂ ನಾನು ಎದೆಯುಬ್ಬಿಸಿ ಹೇಳಿಕೊಳ್ಳುವ ಕೆಲಸಕ್ಕೂ ಇದೇ ಕಾರಣ.

ನಾನು ಆಗ ಏಳನೇ ಕ್ಲಾಸ್ ಮುಗಿಸಿ ರಜದಲ್ಲಿದ್ದೆ. ಎದುರು ಸಾಲಿನ ಒಂದು ಮನೆಯ ಕೆಳಗಿನ ಎರಡು ರೂಮಿಗೆ ಬಾಗಲಕೋಟೆ ಕಡೆಯವರು ಬಾಡಿಗೆಗೆ ಬಂದಿದ್ದರು. ಅವರ ಮಗಳು ಗಿರಿಜಾ, ನನ್ನದೇ ವಯಸ್ಸು. ಗಿರಿಜಾಳ ಅಮ್ಮ ಶಾಂತವ್ವ ಆಂಟಿ ರೊಟ್ಟಿ ತಟ್ಟುವ ಸದ್ದು ಬೆಳಗ್ಗೆ ನಮ್ಮ ಗೇಟಿನವರೆಗೂ ಕೇಳುತ್ತಿತ್ತು. ನಮ್ಮ ಪಕ್ಕದ ಮನೆಯ ಲತಾ, ಗಿರಿಜಾ, ನಾನು, ಮೂವರೂ ಮಧ್ಯಾಹ್ನ ನಮ್ಮ ಮನೆಯ ತಾರಸಿ ಮೆಟ್ಟಿಲ ಮೇಲೆ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತು ಊಟ ಮಾಡುತ್ತಿದ್ದೆವು. ಲತಾ ಪುಳಿಯೋಗರೆ ತರುತ್ತಿದ್ದಳು, ನಾನು ಬಿಸಿಬೇಳೆಬಾತ್, ಗಿರಿಜಾ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ. ಮೊದಲು ಖಾಲಿಯಾಗುತ್ತಿದ್ದದ್ದು ಗಿರಿಜಾಳ ಡಬ್ಬಿಯೇ. ಕಣ್ಣಲ್ಲಿ ನೀರು ಬಂದರೂ ನಾನು ಆ ಚಟ್ನಿಪುಡಿ ಬಿಡುತ್ತಿರಲಿಲ್ಲ.

ಯುಗಾದಿಗೆ ಶಾಂತವ್ವ ಆಂಟಿ ಒಂದು ದೊಡ್ಡ ಸ್ಟೀಲ್ ಡಬ್ಬಿಯ ತುಂಬ ಶೇಂಗಾ ಹೋಳಿಗೆ ಕೊಟ್ಟು ಕಳಿಸಿದರು. ಡಬ್ಬಿಯ ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ 'ಶಾಂತವ್ವ' ಎಂದು ಕೊರೆಸಿತ್ತು. ಹೋಳಿಗೆ ಎರಡೇ ದಿನಕ್ಕೆ ಮುಗಿಯಿತು. ಅಮ್ಮ ಡಬ್ಬಿ ತೊಳೆದು ಸಕ್ಕರೆ ಹಾಕಲು ಹೊರಟಾಗ ನನಗೆ ರೇಗಿತು. ಆ ಹೋಳಿಗೆಗೆ ಬದಲು ಸಕ್ಕರೆಯೇ? ನಾಚಿಕೆ ಆಗಬೇಡವೇ? ಸೀದಾ ರಸ್ತೆ ದಾಟಿ ಹೋಗಿ ಶಾಂತವ್ವ ಆಂಟಿಯ ಎದುರೇ ಹೇಳಿಬಿಟ್ಟೆ: "ಆಂಟಿ, ನಿಮ್ಮ ಡಬ್ಬಿ ತುಂಬ ಕೇಕ್ ಹಾಕ್ಕೊಂಡು ಬರ್ತೀನಿ. ನಾನೇ ಮಾಡಿದ್ದು. ಅಲ್ಲೀವರೆಗೂ ಕೊಡಲ್ಲ."

ನನಗೆ ಹುಟ್ಟಿನಿಂದಲೂ ಬಾಯಿ ಜಾಸ್ತಿ. ಅಲ್ಲಿಯವರೆಗೆ ನಾನು ಮಾಡಿದ್ದ ಅಡುಗೆಯೆಂದರೆ ನಿಂಬೆಹಣ್ಣಿನ ಪಾನಕ.

ಧೈರ್ಯಕ್ಕೆ ಕಾರಣ ಇಲ್ಲದಿರಲಿಲ್ಲ. ಅಪ್ಪನ ಆಫೀಸಿನ ಲಕ್ಕಿ ಡಿಪ್‌ನಲ್ಲಿ ಬಂದಿದ್ದ ಒಂದು ಗುಂಡನೆಯ ಅಲ್ಯೂಮಿನಿಯಂ ಓವನ್ ನಮ್ಮ ಅಟ್ಟದ ಮೇಲಿತ್ತು. ಮುಚ್ಚಳದಲ್ಲಿ ಕರೆಂಟಿಗೆ ಕಾಯುವ ಕಾಯಿಲ್, ಮಧ್ಯೆ ನೋಡಲು ಒಂದು ಸಣ್ಣ ಗಾಜು, ಎರಡು ಕಡೆ ಕರಿ ಹಿಡಿ. ಅಮ್ಮ ಅದನ್ನು ಒಂದು ದಿನವೂ ಮುಟ್ಟಿರಲಿಲ್ಲ. ನಾನು ಕಾಡಿ ಬೇಡಿ ಕೆಳಗಿಳಿಸಿಕೊಂಡೆ. ಪತ್ರಿಕೆಯೊಂದರಿಂದ ಕತ್ತರಿಸಿಟ್ಟಿದ್ದ ಮೊಟ್ಟೆಯಿಲ್ಲದ ಕೇಕಿನ ವಿಧಾನವೂ ಸಿಕ್ಕಿತು. ಒಂದು ಪಾವು ಮೈದಾ, ಅಡುಗೆ ಸೋಡಾ, ಮೊಸರು, ಬೆಣ್ಣೆ, ಪುಡಿ ಮಾಡಿದ ಸಕ್ಕರೆ, ನಾಲ್ಕು ತೊಟ್ಟು ವೆನಿಲಾ. ಒಂದೇ ದಿಕ್ಕಿಗೆ ಕಲಸಬೇಕು, ಕೈ ತಿರುಗಿದರೆ ಕೇಕ್ ಉಬ್ಬುವುದಿಲ್ಲ ಎಂದು ಲತಾ ಎಲ್ಲಿಂದಲೋ ಕೇಳಿಕೊಂಡು ಬಂದಿದ್ದಳು. ನಾವು ಮೂವರೂ ಭುಜ ಬಿದ್ದುಹೋಗುವಷ್ಟು ಹೊತ್ತು ಒಂದೇ ದಿಕ್ಕಿಗೆ ಕಲಸಿದೆವು.

ಮೊದಲ ಕೇಕಿನ ತಲೆ ಕಪ್ಪಗೆ, ಒಳಗೆ ಗಂಜಿ. ಎರಡನೆಯ ವಾರ ಬೇಗ ಆರಿಸಿದೆ. ತಲೆ ಬೆಂದಿತ್ತು, ತಳ ಹಸಿ ಹಿಟ್ಟು. ಮೂರನೆಯ ವಾರ ಉಬ್ಬಲಿ ಎಂದು ಸೋಡಾ ಜಾಸ್ತಿ ಸುರಿದೆ, ಬಾಯಿಗಿಟ್ಟರೆ ಬಟ್ಟೆ ಸೋಪಿನ ರುಚಿ. ನಾನು ಮೈದಾವನ್ನು ಬೈದೆ, ಪತ್ರಿಕೆಯನ್ನು ಬೈದೆ, ಗಾಜಿನೊಳಗೆ ಇಣುಕಿ ಇಣುಕಿ ದೃಷ್ಟಿ ಹಾಕಿದಳೆಂದು ಲತಾಳನ್ನೂ ಬೈದೆ. ಪಾಪ, ಅವಳು ನೀರು ಕುಡಿದು ಕುಡಿದು ನುಂಗುತ್ತ, "ಸಖತ್ತಾಗಿದೆ ಮಗಾ" ಎನ್ನುತ್ತಿದ್ದಳು. ಗಿರಿಜಾ ಮಾತ್ರ ಸುಳ್ಳು ಹೇಳುತ್ತಿರಲಿಲ್ಲ. ಬೆಂದಷ್ಟು ಭಾಗ ಕಿತ್ತು ತಿಂದು, "ಚಾದಾಗ ಅದ್ದಿದ್ರ ನಡೀತೈತಿ" ಎನ್ನುತ್ತಿದ್ದಳು. ಆ ಮಾತಿಗೆ ನನಗೆ ಇನ್ನಷ್ಟು ರೇಗುತ್ತಿತ್ತು.

ಡಬ್ಬಿ ಮಾತ್ರ ನಮ್ಮ ಅಡುಗೆಮನೆಯ ಶೆಲ್ಫಿನಲ್ಲಿ ಖಾಲಿ ಕೂತು ನನ್ನನ್ನೇ ನೋಡುತ್ತಿತ್ತು.

ಒಂದು ಬೆಳಗ್ಗೆ ಗಿರಿಜಾ ನಮ್ಮ ಗೇಟಿನ ಹತ್ತಿರ ಬಂದು ನೆಲ ನೋಡುತ್ತ ನಿಂತಳು. "ನಾಳೆ ಮುಂಜಾನಿ ಊರಿಗೆ ಹೊಂಟೀವಿ. ಮಾಮಾನ ಮದುವಿ ಐತಿ. ರೊಟ್ಟಿ ಪುಡಿಯಾಗದಂಗ ಒಯ್ಯಾಕ ಅದೊಂದ ದೊಡ್ಡ ಡಬ್ಬಿ ನಮ್ಮದು. ಅವ್ವ ಕೇಳಬ್ಯಾಡ ಅಂದ್ಲು, ನಾನಾ ಬಂದೆ."

ಒಳಗಿನಿಂದ ಅಮ್ಮನಿಗೆ ಕೇಳಿಸಿತು. "ಸಾಕು ನಿನ್ನ ಕೇಕಿನ ರಾಮಾಯಣ. ಒಂದು ತಿಂಗಳು ಅವರ ಡಬ್ಬಿ ಇಟ್ಕೊಂಡು ಕೂತಿದ್ದೀಯ. ನಾನು ಶ್ರೀನಗರಕ್ಕೆ ಚಿಕ್ಕಮ್ಮನ ಮನೆಗೆ ಹೋಗಿ ಸಂಜೆ ಬರ್ತೀನಿ. ಬಂದ ತಕ್ಷಣ ಸಕ್ಕರೆ ಹಾಕಿ ಕೊಟ್ಟು ಬರ್ತೀನಿ. ಓವನ್ ಅಟ್ಟಕ್ಕೆ."

"ಇವತ್ತು ಮಧ್ಯಾಹ್ನ ಒಂದೇ ಒಂದು ಸಲ ಅಮ್ಮ, ಪ್ಲೀಸ್."

"ಏನಾದ್ರೂ ಮಾಡ್ಕೋ. ಗ್ಯಾಸ್ ಮಾತ್ರ ಮುಟ್ಟಿದ್ರೆ ನೋಡು."

ಅಂದರೆ ಅವತ್ತಾದರೆ ಅವತ್ತು, ಇಲ್ಲವಾದರೆ ಯಾವತ್ತೂ ಇಲ್ಲ. ಸಂಜೆಗೆ ಸಕ್ಕರೆ ಹಾಕಿದ ಡಬ್ಬಿ ಶಾಂತವ್ವ ಆಂಟಿಯ ಕೈ ಸೇರಿದರೆ ನಾನು ಬಡಾಯಿ ಕೊಚ್ಚಿಕೊಂಡವಳು ಎಂದು ಇಡೀ ರಸ್ತೆಗೆ ಗೊತ್ತಾಗುತ್ತಿತ್ತು. ನಮ್ಮ ಸಾಲಿನ ಕರೆಂಟ್ ಆ ವಾರ ನಾಲ್ಕು ಗಂಟೆಗೆ ಹೋಗುತ್ತಿತ್ತು. ನಾನು ಲೆಕ್ಕ ಹಾಕಿ, ಲತಾ ಗಿರಿಜಾ ಇಬ್ಬರನ್ನೂ ಜೊತೆಗೆ ಕೂರಿಸಿಕೊಂಡು ಎರಡೂವರೆಗೇ ಕೇಕ್ ಇಟ್ಟೆ. ಮೈದಾ ಮೂರು ಸಲ ಜರಡಿ ಹಿಡಿದಿದ್ದೆ. ತಟ್ಟೆಯ ತಳಕ್ಕೆ ನ್ಯೂಸ್ ಪೇಪರ್ ಗುಂಡಗೆ ಕತ್ತರಿಸಿ ಬೆಣ್ಣೆ ಸವರಿದ್ದೆ. ಗಾಜಿನಲ್ಲಿ ನೋಡಿದರೆ ಕೇಕ್ ಮೆಲ್ಲಗೆ ಏಳುತ್ತಿತ್ತು. ವೆನಿಲಾ ವಾಸನೆ ನಡುಮನೆಯವರೆಗೂ ಬಂದಿತ್ತು.

ಮೂರು ಗಂಟೆಗೆ ಫ್ಯಾನ್ ನಿಂತಿತು.

"ಅಯ್ಯೋ ದೇವರೇ, ಒಂದು ಗಂಟೆ ಮುಂಚೆನೇ ತೆಗೆದುಬಿಟ್ರಾ!" ಎಂದು ಲತಾ ಕೂಗಿದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಕಿಟಕಿಯಲ್ಲಿ ನೋಡಿದರೆ ಎದುರು ಮನೆಯ ಪಡಸಾಲೆಯಲ್ಲಿ ಫ್ಯಾನ್ ತಿರುಗುತ್ತಿತ್ತು. ಚಟ್ನಿ ರಸ್ತೆ ದಾಟಬಹುದಾದರೆ ಕೇಕ್ ಯಾಕೆ ದಾಟಬಾರದು? ಎರಡು ಹಳೆಯ ಟವೆಲ್ ಸುತ್ತಿ ಓವನ್ನಿನ ಒಂದು ಹಿಡಿ ನಾನು, ಇನ್ನೊಂದು ಹಿಡಿ ಗಿರಿಜಾ ಹಿಡಿದೆವು. ಲತಾ ಮುಂದೆ ಓಡಿ ಆಟೋ ಒಂದನ್ನು ಕೈ ಅಡ್ಡ ಹಿಡಿದು ನಿಲ್ಲಿಸಿದಳು. ಆಟೋದವರು ತಲೆ ಹೊರಗೆ ಹಾಕಿ, "ಏನ್ರಮ್ಮಾ ಅದು, ಬಾಂಬಾ?" ಎಂದರು. ನಾವು ನಗುವ ಸ್ಥಿತಿಯಲ್ಲಿರಲಿಲ್ಲ.

ಶಾಂತವ್ವ ಆಂಟಿ ಪಂಪ್ ಸ್ಟೋವಿನ ಮುಂದೆ ಕೂತು ಮರುದಿನದ ಪ್ರಯಾಣಕ್ಕೆ ರೊಟ್ಟಿ ಬಡಿಯುತ್ತಿದ್ದರು. ಪಕ್ಕದಲ್ಲಿ ಬಟ್ಟೆಯ ಮೇಲೆ ರೊಟ್ಟಿಯ ಸಾಲು. ಮನೆಯಲ್ಲಿ ಕರೆಂಟ್ ಇತ್ತು. ನಾನು ಓವನ್ನಿನ ವೈರ್ ಬಿಚ್ಚಿ ಗೋಡೆಯತ್ತ ನುಗ್ಗಿದೆ. ಅಲ್ಲಿ ರೇಡಿಯೋಗೆಂದು ಒಂದೇ ಒಂದು ಸಣ್ಣ ಪ್ಲಗ್ ಪಾಯಿಂಟ್. ನನ್ನ ಕೈಯಲ್ಲಿದ್ದದ್ದು ದಪ್ಪ ಮೂರು ಕಾಲಿನ ಪವರ್ ಪ್ಲಗ್ಗು. ಮೇಲಿನ ಮನೆಯ ಓನರ್ ಬೀಗ ಹಾಕಿಕೊಂಡು ಊರಿಗೆ ಹೋಗಿದ್ದರು. ಆಗ ನಾನು ನೆಲದ ಮೇಲೆ ಕೂತು ಜೋರಾಗಿಯೇ ಅತ್ತುಬಿಟ್ಟೆ.

"ಅಳಬ್ಯಾಡ ತಂಗಿ. ತಗಿ, ನೋಡೂಣು," ಎಂದರು ಆಂಟಿ.

ಮುಚ್ಚಳ ತೆಗೆದೆ. ಮೇಲೆ ತೆಳ್ಳಗೆ ಬಂಗಾರದ ಬಣ್ಣ ಕಟ್ಟಿತ್ತು. ಆಂಟಿ ಬಟ್ಟೆ ಹಿಡಿದು ಕೇಕಿನ ತಟ್ಟೆಯನ್ನು ಎತ್ತಿ ಒಮ್ಮೆ ಅಲುಗಿಸಿದರು, ಒಳಗೆಲ್ಲ ಹಸಿ ಹಿಟ್ಟು ತುಳುಕಿತು. ಆಮೇಲೆ ಮುಚ್ಚಳವನ್ನು ತಿರುವಿ ಕಾಯಿಲ್ ನೋಡಿದರು. ಓವನ್ನನ್ನು ಅವರು ನೋಡುತ್ತಿದ್ದದ್ದು ಅದೇ ಮೊದಲು.

"ಅಲ್ಲವಾ, ಬೆಂಕಿ ಬರೇ ಮ್ಯಾಲ ಐತಲ್ಲ ಇದರಾಗ. ತಳಕ್ಕ ಕಾವು ಬ್ಯಾಡೇನು? ತಳಾ ಬೇಯಲಿಲ್ಲಂದ್ರ ಮ್ಯಾಲಿಂದು ಎದರ ಮ್ಯಾಲ ನಿಂದ್ರಬೇಕು?"

ನಾಲ್ಕು ವಾರ ಮೈದಾವನ್ನೂ ಲತಾಳನ್ನೂ ಬೈದುಕೊಂಡಿದ್ದ ನನಗೆ ಹೊಳೆಯದ ಕಾರಣ ಅವರಿಗೆ ಒಂದು ನಿಮಿಷದಲ್ಲಿ ತಿಳಿಯಿತು. ರೊಟ್ಟಿಯ ಹಿಟ್ಟು ಇನ್ನೂ ಅರ್ಧ ಬಾಕಿ ಇತ್ತು. ಅದನ್ನು ಪಕ್ಕಕ್ಕೆ ಸರಿಸಿ, ಸ್ಟೋವಿನ ಗಾಳಿ ಬಿಟ್ಟು ಉರಿ ಸಣ್ಣ ಮಾಡಿದರು. ಹೆಂಚಿನ ಮೇಲೆ ಅಂಗೈ ಹಿಡಿದು ಕಾವು ನೋಡಿದರು, ತಲೆಯಾಡಿಸಿ ಇನ್ನಷ್ಟು ಸಣ್ಣ ಮಾಡಿದರು. ಹೆಂಚಿನ ಮೇಲೊಂದು ತಟ್ಟೆ ಬೋರಲು ಹಾಕಿ, ಅದರ ಮೇಲೆ ಕೇಕಿಟ್ಟು, ಎಲ್ಲದರ ಮೇಲೂ ದೊಡ್ಡ ಪಾತ್ರೆ ಕವುಚಿದರು.

ನಾನು ಎರಡು ಸಲ ಪಾತ್ರೆ ಎತ್ತಲು ಹೋದೆ. ಎರಡು ಸಲವೂ ಕೈ ಮೇಲೆ ಏಟು ಬಿತ್ತು. "ಸುಮ್ನ ಕುಂದರು. ಘಡಿ ಘಡಿ ತಗದ್ರ ಕಾವು ಹೋಗತೈತಿ. ಬೆಂದ ಮ್ಯಾಲ ವಾಸನಿ ತಾನಾ ಹೇಳತೈತಿ."

ರೊಟ್ಟಿಯ ಕೆಲಸ ನಿಲ್ಲಿಸಿ ಅವರು ನಮ್ಮ ಜೊತೆ ಕೂತರು. ಸೀಮೆಎಣ್ಣೆಯ ವಾಸನೆ, ಜೋಳದ ಹಿಟ್ಟಿನ ವಾಸನೆ, ಅದರ ನಡುವೆ ಸ್ವಲ್ಪ ಹೊತ್ತಿಗೆ ಬೆಣ್ಣೆ ಬೆಂದ ವಾಸನೆ. ಆಂಟಿ ಎದ್ದು ಹೊಸ ಪೊರಕೆಯಿಂದ ಒಂದು ಕಡ್ಡಿ ಕಿತ್ತು, ತೊಳೆದು, ಕೇಕಿಗೆ ಚುಚ್ಚಿ ತೆಗೆದು ನನ್ನ ಕೈಗೆ ಕೊಟ್ಟರು. ಕಡ್ಡಿಗೆ ಏನೂ ಅಂಟಿರಲಿಲ್ಲ.

ನಾಚಿಕೆ ಬಿಟ್ಟು ಹೇಳುತ್ತೇನೆ, ಅಷ್ಟು ಚೆಂದದ ಕೇಕ್ ನಾನು ಅಯ್ಯಂಗಾರ್ ಬೇಕರಿಯ ಗಾಜಿನ ಕಪಾಟಿನಲ್ಲೂ ನೋಡಿರಲಿಲ್ಲ. ಮಧ್ಯೆ ಸಣ್ಣ ಬಿರುಕು, ಅಂಚು ಕೆಂಪಗೆ. ತಟ್ಟೆಯಿಂದ ಬಿಡಿಸಿ ಪೇಪರ್ ಸುಲಿದರೆ ತಳದಲ್ಲಿ ಅದರ ಅಕ್ಷರ ಉಲ್ಟಾ ಮೂಡಿ, ಯಾವುದೋ ಕ್ರಿಕೆಟ್ ಮ್ಯಾಚಿನ ಸ್ಕೋರು ಅರ್ಧ ಕಾಣಿಸುತ್ತಿತ್ತು. ಲತಾ ಎಂಜಲು ನುಂಗಿದಳು.

"ಕೊಯ್ಯೋಣೇನ?" ಎಂದಳು ಗಿರಿಜಾ.

"ಮುಟ್ಟಬೇಡ!" ಎಂದು ಕೂಗಿ ನಾನು ಕೇಕನ್ನು ಎತ್ತಿಕೊಂಡು ರಸ್ತೆ ದಾಟಿ ನಮ್ಮ ಮನೆಗೆ ಓಡಿದೆ. ಡಬ್ಬಿ ಒರೆಸಿದೆ. ಕೇಕನ್ನು ಅದರಲ್ಲಿಟ್ಟೆ, ಅಳತೆ ಮಾಡಿಸಿದಂತೆ ಕೂತಿತು. ಮುಚ್ಚಳ ಹಾಕಿ, ಮುಖ ತೊಳೆದು, ಜಡೆ ಸರಿಮಾಡಿಕೊಂಡು ಮತ್ತೆ ರಸ್ತೆ ದಾಟಿದೆ. ಕೊಟ್ಟ ಮಾತು ಕೊಟ್ಟ ಮಾತೇ. ಡಬ್ಬಿ ನಮ್ಮ ಮನೆಯಿಂದ ತುಂಬಿಕೊಂಡು ಹೋಗಬೇಕಿತ್ತು.

ಶಾಂತವ್ವ ಆಂಟಿ ಮತ್ತೆ ರೊಟ್ಟಿಗೆ ಕೂತಿದ್ದರು. ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಆಂಟಿ" ಎಂದೆ. ನಗುತ್ತಾರೇನೋ ಎಂದು ಭಯವಿತ್ತು. ಅವರು ನಗಲಿಲ್ಲ. ಎದ್ದು, ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು, ದೊಡ್ಡವರು ಬಂದಾಗ ಬರುವ ಹಾಗೆ ಬಾಗಿಲವರೆಗೆ ಬಂದರು.

"ಬಾ ತಂಗಿ. ಏನ್ ತಂದಿ ಡಬ್ಬ್ಯಾಗ?"

"ಕೇಕ್ ಆಂಟಿ. ನಾನೇ ಮಾಡಿದ್ದು."

"ಅಯ್ಯ ನಮ್ಮವ್ವ! ಒಬ್ಬಾಕಿನ ಮಾಡಿದೇನು?"

ಹೂಂ ಎನ್ನಬೇಕೆಂದು ಬಾಯಿ ತೆರೆದೆ. ಆ ಮುಖ ನೋಡಿ ಆಗಲಿಲ್ಲ. "ಎದುರು ಮನೆಯವರು ಸ್ವಲ್ಪ ಕಾವು ಕೊಟ್ರು ಆಂಟಿ," ಎಂದೆ.

ಆಗ ಅವರು ನಕ್ಕರು, ಎಂಥ ನಗು! ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡು ಹಣೆಗೆ ಮುಟ್ಟಿಸಿಕೊಂಡರು. "ಹಂಗಾದ್ರ ಅವರಿಗೂ ಒಂದು ತುಣುಕು ಕೊಡಬೇಕವಾ. ಚಟ್ನಿಗೆ ಕೊಡೂದಿಲ್ಲೇನು?" ಎಂದು ಮೊದಲ ತುಂಡು ಮುರಿದು ತಮ್ಮ ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ತಿಂದರು. ನನ್ನ ಜೀವಮಾನದಲ್ಲಿ ಆಮೇಲೆ ಪಾಸಾದ ಯಾವ ಪರೀಕ್ಷೆಯೂ ನನಗೆ ಅಷ್ಟು ಖುಷಿ ಕೊಟ್ಟಿಲ್ಲ.

ಉಳಿದ ಕೇಕ್ ಅದೇ ಡಬ್ಬಿಯಲ್ಲಿ ರೊಟ್ಟಿಯ ಮೇಲೆ ಕೂತು ಮದುವೆ ಮನೆಗೆ ಹೋಯಿತು. ಹದಿನೈದು ದಿನದ ನಂತರ ಡಬ್ಬಿ ಕರದಂಟು ತುಂಬಿಕೊಂಡು ನಮ್ಮ ಮನೆಗೆ ಬಂತು. ನಾವು ಕೋಡುಬಳೆ ತುಂಬಿ ಕಳಿಸಿದೆವು. ಓವನ್ ಅಟ್ಟ ಹತ್ತಲಿಲ್ಲ. ಮೇಲಿನ ಕಾವಿಗೆ ಓವನ್, ತಳದ ಕಾವಿಗೆ ಹೆಂಚು ಎಂದು ನಾನು ರೂಢಿ ಮಾಡಿಕೊಂಡೆ. ಅಮ್ಮ ಗ್ಯಾಸ್ ಮುಟ್ಟಲು ಬಿಟ್ಟಳು. ಎರಡು ವರ್ಷ ಆ ಡಬ್ಬಿ ಒಂದು ದಿನವೂ ಖಾಲಿ ರಸ್ತೆ ದಾಟಲಿಲ್ಲ. ಆಮೇಲೆ ಗಿರಿಜಾಳ ತಂದೆಯ ಕೆಲಸ ಬದಲಾಗಿ ಅವರು ಸುಬ್ರಹ್ಮಣ್ಯಪುರದ ಕಡೆ ಮನೆ ಮಾಡಿದರು. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಡಬ್ಬಿ ನಮ್ಮಲ್ಲೇ ಉಳಿಯಿತು. ಒಂದೆರಡು ಸಲ ಬಂದು ಹೋದರು, ಆಗೆಲ್ಲ ಇಬ್ಬರಿಗೂ ಮರೆವು. ನಂತರ ಅಲ್ಲಿಂದಲೂ ಬೇರೆಲ್ಲಿಗೋ ಹೋದರಂತೆ. ಫೋನ್ ನಂಬರ್ ಬರೆದಿಟ್ಟುಕೊಳ್ಳುವ ಬುದ್ಧಿ ನಮಗಿರಲಿಲ್ಲ.

ಈಗ ನನ್ನ ಮನೆಯ ಓವನ್ನಿಗೆ ಮೇಲೆ ಕೆಳಗೆ ಎರಡೂ ಕಡೆ ಕಾಯಿಲ್ ಇದೆ. ಅಪಾರ್ಟ್‌ಮೆಂಟಿನ ಜನರೇಟರ್ ಕರೆಂಟ್ ಹೋದದ್ದನ್ನೂ ತಿಳಿಯಗೊಡುವುದಿಲ್ಲ. ಎದುರು ಫ್ಲಾಟಿನವರ ಮಿಕ್ಸಿಯ ಸದ್ದು ಕೇಳುತ್ತದೆ, ಅವರ ಚಟ್ನಿಯ ರುಚಿ ನನಗೆ ಗೊತ್ತಿಲ್ಲ. ಊಟ ತಿಂಡಿ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಬಾಗಿಲಿಗೇ ಬರುತ್ತದೆ. ತೊಳೆದು ಜೋಡಿಸಿಟ್ಟ ಆ ಡಬ್ಬಿಗಳನ್ನು ವಾಪಸ್ ಕೇಳುವವರು ಯಾರೂ ಇಲ್ಲ.

ಅವುಗಳ ಪಕ್ಕದಲ್ಲಿ ಮುಚ್ಚಳದ ಮೇಲೆ ಹೆಸರಿರುವ ಸ್ಟೀಲ್ ಡಬ್ಬಿ ಇದೆ. ಮೊನ್ನೆ ಮಗಳು ಅದನ್ನು ತೆರೆದು, ನಾನು ಹಿಂದಿನ ದಿನ ಮಾಡಿದ್ದ ಕೇಕಿನ ಕೊನೆಯ ತುಂಡಿಗೆ ಕೈ ಹಾಕಿದಳು. "ಅದನ್ನ ತಿಂದ್ರೆ ಮೊದಲು ಬೇರೆ ಏನಾದ್ರೂ ಹಾಕಿ ಮುಚ್ಚು," ಎಂದೆ.

"ಯಾಕಮ್ಮಾ? ಡಬ್ಬಿ ಖಾಲಿ ಇದ್ರೆ ಏನಾಗುತ್ತೆ?"

"ಅದು ನಮ್ದಲ್ಲ ಕಣೇ. ಯಾವತ್ತಾದ್ರೂ ಬಂದು ಕೇಳಿದ್ರೆ ಖಾಲಿ ಕೊಡೋಕಾಗುತ್ತಾ?"